ಹೆಸರು ಬರೆಯುವ ಕೈ

(ಚಿತ್ರಕಲಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕೆಲವು ಕಡೆ ಕತ್ತರಿ ಆಡಿಸಿದ್ದೇನೆ. ಕೊನೆಯಲ್ಲಿ ವಿದ್ಯಾರ್ಥಿಗಳು ಕೇಳಿದ ಎರಡು ಪ್ರಶ್ನೆ ಉಳಿಸಿಕೊಂಡಿದ್ದೇನೆ.)

ನಮ್ಮ ಮನೆಯಲ್ಲಿ ಒಂದು ಹಿತ್ತಾಳೆ ತಂಬಿಗೆ ಇದೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ನಮ್ಮಜ್ಜಿಯ ಹೆಸರು. ಪಾತ್ರೆ ಅಂಗಡಿಯವನು ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಟಕಟಕ ಅಂತ ಹೊಡೆದುಕೊಟ್ಟದ್ದು. ಜಾಗದ ಅಂದಾಜು ತಪ್ಪಿ ಕೊನೆಯ ‘ಮ್ಮ’ ಸ್ವಲ್ಪ ಮೇಲಕ್ಕೆ ಹತ್ತಿಕೊಂಡಿದೆ. ಅಜ್ಜಿ ಹೋಗಿ ಮೂವತ್ತು ವರ್ಷ ದಾಟಿತು. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕುವಾಗ ಆ ಹೆಸರು ಬೆರಳಿಗೆ ತಗಲುತ್ತದೆ. ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ.

ಹಾಲೊಕಾಸ್ಟ್‌ನಲ್ಲಿ, ಅಂದರೆ ಹಿಟ್ಲರನ ನಾಜಿಗಳು ನಡೆಸಿದ ನರಮೇಧದಲ್ಲಿ, ಸತ್ತ ಯಹೂದಿಗಳ ನೆನಪಿಗೆ ಮಾಡಿದ ಕಲೆಯ ಬಗ್ಗೆ ಮಾತಾಡಿ ಅಂತ ನೀವು ಕರೆದಿರಿ. ನಾನು ತಂಬಿಗೆಯಿಂದ ಶುರು ಮಾಡಿದ್ದು ಯಾಕೆ ಅಂದರೆ, ನಾನು ಮೂಲತಃ ಬೋರ್ಡ್ ಬರೆಯುತ್ತಿದ್ದವನು. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಶಾಲೆಯ ಗೋಡೆಯ ಮೇಲೆ ದಾನಿಗಳ ಪಟ್ಟಿ. ಚಿತ್ರಕಲೆ ಓದಿದ್ದು ಆಮೇಲೆ. ಹಾಗಾಗಿ ಯಾವ ಸ್ಮಾರಕದ ಮುಂದೆ ನಿಂತರೂ ನನ್ನ ಕಣ್ಣು ಮೊದಲು ಅಕ್ಷರದ ಮೇಲೆ ಹೋಗುತ್ತದೆ. ಇದನ್ನು ಯಾರು ಬರೆದರು, ಯಾವುದರಿಂದ ಬರೆದರು, ಕೈ ಎಲ್ಲಿ ದಣಿಯಿತು. ಇವತ್ತಿನ ಮಾತೆಲ್ಲ ಅಷ್ಟರ ಸುತ್ತಲೇ.

ನಾಜಿಗಳು ಕೊಂದ ಯಹೂದಿಗಳ ಸಂಖ್ಯೆ ಸುಮಾರು 60 ಲಕ್ಷ. ಈ ಸಂಖ್ಯೆಯನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ, ಈಗ ಕೇಳಿದರೆ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತೇವೆ. ಕೊಂದವರಿಗೂ ಅದು ಸಂಖ್ಯೆಯೇ ಆಗಿತ್ತು. ಯಾವ ಬೀದಿ, ಯಾವ ಮನೆ, ಯಾವ ರೈಲು, ರೈಲಿನಲ್ಲಿ ಎಷ್ಟನೆಯವರು, ಎಲ್ಲವೂ ಟೈಪ್ ಮಾಡಿದ ಪಟ್ಟಿ. ಅದಕ್ಕೂ ಮೊದಲೇ ಅವರು ಹೆಸರಿಗೆ ಕೈ ಹಾಕಿದ್ದರು. ಆಗಸ್ಟ್ 1938ರಲ್ಲಿ ಒಂದು ಆದೇಶ ಹೊರಟಿತು. ಗುರುತಿಸಲು ಸಾಕಾಗುವಷ್ಟು ‘ಯಹೂದಿ’ ಹೆಸರು ಇಲ್ಲದವರು 1939ರ ಜನವರಿ 1ರಿಂದ ಇನ್ನೊಂದು ಹೆಸರು ಸೇರಿಸಿಕೊಳ್ಳಬೇಕು: ಗಂಡಸಾದರೆ ‘ಇಸ್ರಾಯೇಲ್’, ಹೆಂಗಸಾದರೆ ‘ಸಾರಾ’. ಆಮೇಲಿನ ಕಡತಗಳಲ್ಲಿ ಎಲ್ಲಿ ನೋಡಿದರೂ ಸಾರಾ, ಸಾರಾ, ಸಾರಾ. ಇವತ್ತು ಸತ್ತವರ ಹೆಸರು ಹುಡುಕುವವರು ಬಹಳ ಸಲ ಕೊಂದವರ ಕಡತವನ್ನೇ ಬಿಚ್ಚಬೇಕು. ಬಿಚ್ಚಿ, ಆ ಸರ್ಕಾರ ಅಂಟಿಸಿದ ಹೆಸರನ್ನು ಕಿತ್ತು ತೆಗೆದು, ತಾಯಿತಂದೆ ಇಟ್ಟ ಹೆಸರನ್ನು ಮಾತ್ರ ಬರೆದುಕೊಳ್ಳಬೇಕು.

ಜೆರುಸಲೇಮಿನಲ್ಲಿ 1953ರಲ್ಲಿ ಸ್ಥಾಪಿಸಿದ ಸ್ಮಾರಕ ಸಂಸ್ಥೆಯ ಹೆಸರು ಯಾದ್ ವಾಶೇಮ್. ಬೈಬಲ್ಲಿನ ಯೆಶಾಯನ ಗ್ರಂಥದಿಂದ ಎತ್ತಿಕೊಂಡ ಮಾತು. ಅಲ್ಲಿ ‘ಯಾದ್’ ಅಂದರೆ ಸ್ಮಾರಕ, ‘ಶೇಮ್’ ಅಂದರೆ ಹೆಸರು. ಆದರೆ ಹೀಬ್ರೂವಿನಲ್ಲಿ ‘ಯಾದ್’ ಪದದ ಮಾಮೂಲಿ ಅರ್ಥ ಕೈ. ಇದು ಗೊತ್ತಾದ ದಿನ ನನಗೆ ಖುಷಿಯೋ ಖುಷಿ. ಆ ಸಂಸ್ಥೆ ಎಪ್ಪತ್ತು ವರ್ಷ ಕೂತು ಸುಮಾರು 50 ಲಕ್ಷ ಹೆಸರು ಕೂಡಿಸಿದೆ. ಉಳಿದವು ಸಿಗುತ್ತವೆ ಎನ್ನುವ ಭರವಸೆ ಕಡಿಮೆ. ಊರಿಗೆ ಊರೇ ಸತ್ತ ಕಡೆ ಹೆಸರು ಹೇಳುವುದಕ್ಕಾದರೂ ಯಾರು ಉಳಿದಿದ್ದಾರೆ?

ಈಗ ಪ್ರಾಗ್‌ಗೆ ಹೋಗೋಣ. ಹಳೆಯ ಯಹೂದಿ ಸ್ಮಶಾನದ ಪಕ್ಕಕ್ಕೆ ಪಿಂಕಾಸ್ ಎನ್ನುವ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಇದೆ. ನಾನು ಒಳಗೆ ಹೋದಾಗ ಮೊದಲು ಅನಿಸಿದ್ದು, ಗೋಡೆಗೆ ಯಾರೋ ಸಣ್ಣ ನೇಯ್ಗೆಯ ಬಟ್ಟೆ ಹೊದಿಸಿದ್ದಾರೆ ಅಂತ. ಹತ್ತಿರ ಹೋದರೆ ನೇಯ್ಗೆ ಬಿಚ್ಚಿಕೊಂಡು ಅಕ್ಷರವಾಯಿತು. ಮನೆತನದ ಹೆಸರು ಕೆಂಪಿನಲ್ಲಿ, ವ್ಯಕ್ತಿಯ ಹೆಸರು ಮತ್ತು ತಾರೀಕು ಕಪ್ಪಿನಲ್ಲಿ. ಮೊದಲ ತಾರೀಕು ಹುಟ್ಟಿದ್ದು. ಎರಡನೆಯದು ಅನೇಕರ ವಿಷಯದಲ್ಲಿ ಸತ್ತ ದಿನವಲ್ಲ, ಸತ್ತ ದಿನ ಯಾರಿಗೂ ಗೊತ್ತಿಲ್ಲ. ಅವರನ್ನು ಪೂರ್ವದ ಕಡೆಯ ರೈಲಿಗೆ ಹತ್ತಿಸಿದ ದಿನ. ಒಂದು ಕೆಂಪು ಹೆಸರಿನ ಮುಂದೆ ಐದಾರು ಕಪ್ಪು ಹೆಸರು ಸಾಲಾಗಿ ಬಂದು, ಎರಡನೆಯ ತಾರೀಕು ಎಲ್ಲರದೂ ಒಂದೇ ಆಗಿದ್ದರೆ, ಇಡೀ ಮನೆ ಒಟ್ಟಿಗೆ ಹೊರಟಿತು ಅಂತ ಅರ್ಥ. ಹೀಗೆ ಇವತ್ತಿನ ಚೆಕ್ ದೇಶದ ಬೊಹೇಮಿಯಾ ಮತ್ತು ಮೊರಾವಿಯಾದ ಸುಮಾರು 78,000 ಜನ ಆ ಗೋಡೆಗಳ ಮೇಲಿದ್ದಾರೆ.

ಇದನ್ನು ಬರೆದವರು ಇಬ್ಬರು ವರ್ಣಚಿತ್ರಕಾರರು, ವಾತ್ಸ್ಲಾವ್ ಬೋಶ್ತೀಕ್ ಮತ್ತು ಯಿರ್ಜಿ ಯಾನ್. 1954ರಿಂದ 1959ರವರೆಗೆ. ಇಬ್ಬರೂ ತಮ್ಮದೇ ಶೈಲಿಯ ಚಿತ್ರಗಳಿಗೆ ಹೆಸರಾದವರು. ಆದರೆ ಈ ಗೋಡೆಯ ಮೇಲೆ ಅವರ ಶೈಲಿ ಅಂತ ತೋರಿಸುವಂಥದ್ದು ನನಗೇನೂ ಕಾಣಲಿಲ್ಲ. ಅದೇ ಅವರ ದೊಡ್ಡತನ ಅಂತ ನಾನು ತಿಳಿದಿದ್ದೇನೆ. ನನ್ನ ಬೋರ್ಡಿನ ಲೆಕ್ಕ ಹೇಳುತ್ತೇನೆ ಕೇಳಿ: ಒಬ್ಬೊಬ್ಬರಿಗೆ ತಾರೀಕೂ ಸೇರಿ ಮೂವತ್ತು ಅಕ್ಷರ ಅಂದುಕೊಂಡರೂ 23 ಲಕ್ಷಕ್ಕೂ ಮೇಲೆ. ಸಣ್ಣ ಅಕ್ಷರ ಬರೆಯುವುದು ದೊಡ್ಡ ಅಕ್ಷರಕ್ಕಿಂತ ಕಷ್ಟ. ಬಣ್ಣ ಸ್ವಲ್ಪ ಗಟ್ಟಿಯಾದರೆ ಬ್ರಷ್ ಎಳೆಯುತ್ತದೆ, ನೀರಾದರೆ ಒಸರುತ್ತದೆ. ಇನ್ನೂರು ಹೆಸರು ಬರೆದ ಮೇಲೆ ಕೈ ತಾನೇ ಓಡತೊಡಗುತ್ತದೆ, ಮನಸ್ಸು ಬೇರೆಲ್ಲೋ ಹೋಗುತ್ತದೆ. ತಪ್ಪಾಗುವುದು ಆಗಲೇ. ದಾನಿಗಳ ಪಟ್ಟಿಯಲ್ಲಿ ನಾನು ಒಮ್ಮೆ ಹಾಗೆ ಒಬ್ಬರ ಇನಿಷಿಯಲ್ ತಪ್ಪು ಬರೆದು ಬೈಸಿಕೊಂಡಿದ್ದೆ. ಬೈಯಲು ಆ ಮನುಷ್ಯ ಬದುಕಿದ್ದ. ಪಿಂಕಾಸ್ ಗೋಡೆಯಲ್ಲಿ ತಪ್ಪಾದರೆ ಬಂದು ಕೇಳುವವರೇ ಇಲ್ಲದ ಮನೆತನಗಳಿವೆ. ಹಾಗಾಗಿ ಪ್ರತಿ ಹೆಸರಿಗೂ ಮನಸ್ಸನ್ನು ಎಳೆದು ತರಬೇಕು. ಐದು ವರ್ಷ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1968ರಲ್ಲಿ ನೆಲದಡಿಯ ನೀರು ಗೋಡೆಗೆ ಏರುತ್ತಿದೆ ಅಂತ ಕಟ್ಟಡ ಮುಚ್ಚಿದರು. ದುರಸ್ತಿ ಎಳೆಯಿತು. ಕಮ್ಯುನಿಸ್ಟ್ ಆಡಳಿತಕ್ಕೆ ಮುಗಿಸುವ ಅವಸರ ಇರಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಗಿಲು ಹಾಕಿಯೇ ಇತ್ತು, ಗೋಡೆಯ ಬರಹ ಉಳಿಯಲಿಲ್ಲ. ಆ ಆಡಳಿತ ಬಿದ್ದ ಮೇಲೆ, 1992ರಿಂದ 1996ರವರೆಗೆ, ಮತ್ತೆ ಮೊದಲಿನಿಂದ ಎಲ್ಲ ಹೆಸರನ್ನೂ ಕೈಯಲ್ಲೇ ಬರೆದರು. 2002ರ ಆಗಸ್ಟಿನಲ್ಲಿ ವ್ಲತಾವಾ ನದಿ ಉಕ್ಕಿತು. ಸಿನಗಾಗ್‌ಗೆ ನೀರು ನುಗ್ಗಿ ಕೆಳಗಿನ ಸಾಲುಗಳು ಹೋದವು. ಅವನ್ನು ಮತ್ತೆ ಬರೆದರು. ನಾನು ಹೋದಾಗ ಕುಕ್ಕರಗಾಲಲ್ಲಿ ಕೂತು ಕೆಳಗಿನ ಸಾಲು ನೋಡಿದೆ. ಮೇಲಿನದಕ್ಕೂ ಇದಕ್ಕೂ ಕೈ ಬೇರೆ ಅಂತ ಹಿಡಿಯಲು ನೋಡಿದೆ. ಆಗಲಿಲ್ಲ. ನೆಲಕ್ಕೆ ಅಷ್ಟು ಹತ್ತಿರದ ಸಾಲನ್ನು ಮಲಗಿಕೊಂಡೇ ಬರೆದಿರಬೇಕು. ನಮ್ಮ ಕಸುಬಿನವರಿಗೆ ಆ ಭಂಗಿ ಗೊತ್ತು, ಬಸ್ಸಿನ ಬಂಪರ್ ಮೇಲೆ ಬರೆಯುವಾಗಿನದು.

ಅದೇ ಕಟ್ಟಡದ ಮಹಡಿಯಲ್ಲಿ ಮಕ್ಕಳ ಚಿತ್ರಗಳಿವೆ. ತೆರೆಜಿನ್‌ನಲ್ಲಿ ಬಿಡಿಸಿದವು. ತೆರೆಜಿನ್ ಪ್ರಾಗ್‌ನಿಂದ ಸುಮಾರು 60 ಕಿಲೋಮೀಟರ್ ದೂರದ ಹಳೆಯ ಕೋಟೆ ಊರು. 1941ರ ನವೆಂಬರಿನಿಂದ ನಾಜಿಗಳು ಅದನ್ನು ಯಹೂದಿಗಳನ್ನು ಕೂಡಿಹಾಕುವ ಘೆಟ್ಟೋ ಮಾಡಿದರು. ಒಂದೂ ಕಾಲು ಲಕ್ಷಕ್ಕೂ ಹೆಚ್ಚು ಜನ ಅಲ್ಲಿಗೆ ಬಂದರು. ಸುಮಾರು 33,000 ಮಂದಿ ಹಸಿವು, ಜ್ವರದಲ್ಲಿ ಅಲ್ಲೇ ಸತ್ತರು. ಅದಕ್ಕೂ ಹೆಚ್ಚಿನವರನ್ನು ಆಶ್ವಿಟ್ಜ್ ಮುಂತಾದ ಕೊಲೆಶಿಬಿರಗಳ ಕಡೆಗೆ ಸಾಗಿಸಿದರು.

1942ರ ಡಿಸೆಂಬರಿನಲ್ಲಿ ಅಲ್ಲಿಗೆ ಬಂದವರಲ್ಲಿ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಒಬ್ಬರು. 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಯೊಹಾನಸ್ ಇಟೆನ್ ಹತ್ತಿರ ಕಲಿತವರು. ನೀವೆಲ್ಲ ಮೊದಲ ವರ್ಷ ಓದುವ ಬಣ್ಣದ ಚಕ್ರದ ಇಟೆನ್, ಅವರೇ. ಇದ್ದ ಸಾಮಾನಿನ ಮಿತಿಯಲ್ಲಿ ಬಟ್ಟೆಯ ಜಾಗಕ್ಕೆ ಬಣ್ಣ, ಕಾಗದ ತುಂಬಿಕೊಂಡು ಬಂದರಂತೆ. ಮಕ್ಕಳ ಮನೆಗಳಲ್ಲಿ ಪಾಠ ಶುರು ಮಾಡಿದರು. ಕಾಗದ ಮುಗಿದ ಮೇಲೆ ಕಚೇರಿ ಫಾರಂನ ಹಿಂಬದಿ, ಪೊಟ್ಟಣದ ಕಾಗದ, ಸಿಕ್ಕಿದ್ದು. ಇಟೆನ್ ತನಗೆ ಕಲಿಸಿದ್ದನ್ನೇ ಈ ಮಕ್ಕಳಿಗೆ ಕಲಿಸಿದರು: ಲಯಕ್ಕೆ ತಕ್ಕಂತೆ ಕೈ ಬೀಸುವುದು, ಒಂದು ವಸ್ತುವನ್ನು ನೋಡಿ ನೋಡಿ ಬಿಡಿಸುವುದು, ಬಣ್ಣದ ಕಾಗದ ಹರಿದು ಅಂಟಿಸುವುದು. ಇನ್ನೊಂದು ನಿಯಮ ಇತ್ತು. ಚಿತ್ರಕ್ಕೆ ಹೆಸರು ಹಾಕಬೇಕು. ಘೆಟ್ಟೋದಲ್ಲಿ ಪ್ರತಿಯೊಬ್ಬರಿಗೂ ಟ್ರಾನ್ಸ್‌ಪೋರ್ಟ್ ನಂಬರ್ ಇತ್ತು. ಫ್ರೀಡ್ಲ್ ಮೇಡಂ ಕ್ಲಾಸಿನಲ್ಲಿ ಆ ನಂಬರ್ ನಡೆಯುತ್ತಿರಲಿಲ್ಲ.

ಆ ಚಿತ್ರಗಳಲ್ಲಿ ಮನೆ, ಹೂವಿನ ಕುಂಡ, ಹಬ್ಬದ ಊಟದ ಮೇಜು, ಚಿಟ್ಟೆ. ಮೂರಂತಸ್ತಿನ ಮಂಚಗಳೂ ಇವೆ. ದುಃಖದ ಚಿತ್ರ ಹುಡುಕಿಕೊಂಡು ಹೋದವರಿಗೆ ಸ್ವಲ್ಪ ನಿರಾಸೆಯೇ ಆಗುತ್ತದೆ. ನನ್ನ ಕಾಲು ಕಟ್ಟಿಹಾಕಿದ್ದು ಅಂಚಿನಲ್ಲಿನ ಸಹಿಗಳು. ಪೆನ್ಸಿಲ್ಲಿನಲ್ಲಿ, ಮಕ್ಕಳ ಮಾಮೂಲಿ ಜಂಭದಲ್ಲಿ ಬರೆದ ಸಹಿಗಳು. 1944ರ ಸೆಪ್ಟೆಂಬರ್ ಕೊನೆಗೆ ಫ್ರೀಡ್ಲ್ ಅವರ ಗಂಡ ಪಾವೆಲ್ ಅವರನ್ನು ಸಾಗಿಸಿದರು. ಗಂಡನ ಹಿಂದೆಯೇ ಹೋಗುತ್ತೇನೆಂದು ಇವರು ತಾವಾಗಿ ಹೆಸರು ಕೊಟ್ಟರು. ಅಕ್ಟೋಬರ್ 6ರಂದು ಹೊರಟರು, ಆಶ್ವಿಟ್ಜ್‌ನಲ್ಲಿ ಅವರನ್ನು ಕೊಂದರು. ಗಂಡ ಬದುಕುಳಿದ. ಹೊರಡುವ ಮೊದಲು ಎರಡು ಸೂಟ್‌ಕೇಸ್ ತುಂಬ ಮಕ್ಕಳ ಚಿತ್ರ ಬಚ್ಚಿಡಲು ಬಿಟ್ಟು ಹೋಗಿದ್ದರು. ಸುಮಾರು 4,500 ಹಾಳೆ. ಯುದ್ಧ ಮುಗಿದ ಮೇಲೆ, 1945ರ ಆಗಸ್ಟಿನಲ್ಲಿ, ಮಕ್ಕಳ ಮನೆಯಲ್ಲಿ ಕೆಲಸ ಮಾಡಿದ್ದ ವಿಲ್ಲಿ ಗ್ರೋಗ್ ಅವನ್ನು ಹೊತ್ತು ತಂದು ಪ್ರಾಗ್‌ನ ಯಹೂದಿ ಸಮುದಾಯಕ್ಕೆ ಒಪ್ಪಿಸಿದರು. ಸಹಿ ಇದ್ದದ್ದರಿಂದಲೇ ಯಾವ ಚಿತ್ರ ಯಾರದು ಅಂತ ಹೇಳಲು ಬಂತು. ಬಿಡಿಸಿದ ಮಕ್ಕಳು ಸುಮಾರು 660. ಅವರಲ್ಲಿ ಸುಮಾರು 550 ಮಕ್ಕಳು ಸತ್ತಿದ್ದರು. ಮಹಡಿಯಲ್ಲಿ ಸಹಿ ಓದಿ ಕೆಳಗಿಳಿದರೆ, ಅದೇ ಹೆಸರನ್ನು ಗೋಡೆಯಲ್ಲಿ ಹುಡುಕಬಹುದು. ನಾನು ಒಂದು ಹೆಸರು ಹುಡುಕಿದೆ. ಸಿಕ್ಕಿತು. ಎರಡನೆಯದು ಹುಡುಕಲು ಹೋಗಲಿಲ್ಲ.

ಇನ್ನು ಬೀದಿಗೆ ಬರೋಣ. ಜರ್ಮನಿಯ ಕಲಾವಿದ ಗುಂಟರ್ ಡೆಮ್ನಿಗ್, 1947ರಲ್ಲಿ ಹುಟ್ಟಿದವರು. 1990ರಲ್ಲಿ ಕಲೋನ್ ನಗರದಲ್ಲಿ, ಐವತ್ತು ವರ್ಷ ಹಿಂದೆ ನಾಜಿಗಳು ಸಾವಿರ ರೋಮಾ ಮತ್ತು ಸಿಂತಿ (‘ಜಿಪ್ಸಿ’ ಅಂತ ಕರೆಸಿಕೊಂಡ) ಜನರನ್ನು ಸಾಗಿಸಿದ ದಾರಿಯ ಮೇಲೆ ಗೆರೆ ಎಳೆದಿದ್ದರು. ಆಮೇಲೆ ಆ ಗೆರೆಯ ಕೆಲಸ ಮಾಡುತ್ತಿದ್ದಾಗ ವಯಸ್ಸಾದ ಹೆಂಗಸೊಬ್ಬಳು ಬಂದು, ನಮ್ಮ ಬೀದಿಯಲ್ಲಿ ಆ ಜನ ಇರಲೇ ಇಲ್ಲವಲ್ಲ ಅಂದಳಂತೆ. ಸುಳ್ಳು ಹೇಳುತ್ತಿರಲಿಲ್ಲ. ಪಕ್ಕದ ಮನೆಯಲ್ಲಿದ್ದವರು ಯಾರು ಅಂತ ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಡೆಮ್ನಿಗ್‌ಗೆ ತೋಚಿದ್ದು ಇಷ್ಟು: ಅವರು ಕೊನೆಯದಾಗಿ ತಾವಾಗಿ ಆರಿಸಿಕೊಂಡು ವಾಸವಿದ್ದ ಮನೆಯ ಬಾಗಿಲ ಮುಂದೆಯೇ ಹೆಸರು ಹೂಳಬೇಕು. ಜರ್ಮನ್‌ನಲ್ಲಿ ‘ಶ್ಟೋಲ್ಪರ್‌ಶ್ಟೈನ್’. ಕನ್ನಡದಲ್ಲಿ ಎಡವುಗಲ್ಲು ಅಂದರೆ ಸರಿಹೋಗುತ್ತದೆ. ಕಾಂಕ್ರೀಟಿನ ಸಣ್ಣ ಘನ, ತಲೆಯ ಮೇಲೆ ಹತ್ತು ಸೆಂಟಿಮೀಟರಿಗೆ ಒಂಚೂರು ಕಡಿಮೆ ಅಗಲದ ಹಿತ್ತಾಳೆ ತಗಡು. ಫುಟ್‌ಪಾತ್ ಮಟ್ಟಕ್ಕೆ ಸರಿಯಾಗಿ ಕೂರಿಸುತ್ತಾರೆ. ಹೆಸರು ಹಾಗಿದ್ದರೂ ಕಾಲು ಎಡವುವುದಿಲ್ಲ.

ಮೊದಲ ಕಲ್ಲು ಕಲೋನ್‌ನಲ್ಲಿ 1992ರ ಡಿಸೆಂಬರಿನಲ್ಲಿ. 1,00,000ನೆಯದು ನ್ಯೂರೆಂಬರ್ಗ್‌ನಲ್ಲಿ 2023ರ ಮೇ ತಿಂಗಳಲ್ಲಿ. ಹೆಚ್ಚಿನವು ಯಹೂದಿಗಳವು. ರೋಮಾ, ಸಲಿಂಗಿಗಳು, ಅಂಗವಿಕಲರು, ರಾಜಕೀಯ ವಿರೋಧಿಗಳ ಹೆಸರೂ ಇವೆ.

ಈ ಅಕ್ಷರ ಹೇಗೆ ಮೂಡುತ್ತದೆ ನೋಡಿ. 2005ರಿಂದ ಬರ್ಲಿನ್‌ನಲ್ಲಿ ಮಿಖಾಯೆಲ್ ಫ್ರೀಡ್ರಿಖ್ಸ್-ಫ್ರೀಡ್ಲೆಂಡರ್ ಎನ್ನುವ ಶಿಲ್ಪಿ ಕಲ್ಲು ಮಾಡುತ್ತ ಬಂದಿದ್ದಾರೆ. ತುದಿಯಲ್ಲಿ ಒಂದೊಂದು ಅಕ್ಷರ ಇರುವ ಉಕ್ಕಿನ ಅಚ್ಚುಗಳು. ಅಚ್ಚನ್ನು ತಗಡಿನ ಮೇಲೆ ನಿಲ್ಲಿಸಿ, ಸುತ್ತಿಗೆಯಿಂದ ಹೊಡೆದು, ಮುಂದಿನ ಅಚ್ಚು ಎತ್ತಿಕೊಳ್ಳುವುದು. ನಮ್ಮ ಪಾತ್ರೆ ಅಂಗಡಿಯವನ ಕೆಲಸವೇ. ಮೆಷಿನ್ನಿನಲ್ಲಿ ಮಾಡಿದರೆ ದಿನಕ್ಕೆ ನೂರಾರು ಬರುತ್ತವೆ, ಡೆಮ್ನಿಗ್ ಒಪ್ಪಲಿಲ್ಲ. ಕೊಂದದ್ದು ಕಾರ್ಖಾನೆಯ ಥರ, ನೆನಪೂ ಹಾಗೆ ಬರುವುದು ಬೇಡ ಎನ್ನುವುದು ಅವರ ವಾದ. ಹಾಗಾಗಿ ಕಲ್ಲು ಬೇಕೆಂದವರು ಸರತಿಯಲ್ಲಿ ತಿಂಗಳುಗಟ್ಟಲೆ ಕಾಯುತ್ತಾರೆ.

ಹೆಚ್ಚಿನ ಕಲ್ಲುಗಳ ಮೊದಲ ಸಾಲು ‘ಹಿಯರ್ ವೋನ್‌ಟೆ’. ಇಲ್ಲಿ ವಾಸವಿದ್ದರು. ಇದನ್ನು ಕನ್ನಡಕ್ಕೆ ತರಲು ಕೂತಾಗ ನಾನು ಅಲ್ಲೇ ಸಿಕ್ಕಿಬಿದ್ದೆ. ಜರ್ಮನ್ ಕ್ರಿಯಾಪದಕ್ಕೆ ಗಂಡು, ಹೆಣ್ಣು, ಹಿರಿಯರು, ಕಿರಿಯರು ಅಂತಿಲ್ಲ. ನಾವು ಇದ್ದನು, ಇದ್ದಳು, ಇದ್ದರು ಅಂತ ಆರಿಸಬೇಕು. ಮೂರು ವರ್ಷದ ಕೂಸಿನ ಕಲ್ಲಿಗೆ ಏನು ಬರೆಯುತ್ತೀರಿ? ‘ಇತ್ತು’ ಅಂತಲಾ? ಎಂಬತ್ತರ ಅಜ್ಜನಿಗೆ ‘ಇದ್ದರು’, ಪಕ್ಕದಲ್ಲೇ ಮೊಮ್ಮಗಳಿಗೆ ‘ಇದ್ದಳು’? ನಾನು ಎಲ್ಲರಿಗೂ ‘ಇದ್ದರು’ ಅಂತಲೇ ಇಟ್ಟುಕೊಂಡೆ. ಕೂಸಿಗೂ.

ಒಂದು ಮನೆಯವರ ಕಲ್ಲುಗಳನ್ನು ಒಟ್ಟಿಗೆ ಕೂರಿಸುತ್ತಾರೆ. ತಪ್ಪಿಸಿಕೊಂಡು ಬದುಕಿದವರಿಗೂ ಪಕ್ಕದಲ್ಲಿ ಕಲ್ಲುಂಟು, ಮನೆ ಚೆದುರಿದ್ದನ್ನು ಮತ್ತೆ ಕೂಡಿಸಬೇಕಲ್ಲ. ಅಂಥ ಕಲ್ಲಿನ ಮೇಲೆ ‘ಪಲಾಯನ’ ಅಂತ ಬರೆದು ಇಸವಿ, ದೇಶ ಇರುತ್ತದೆ. ಹಾಗೆ ಜರ್ಮನಿ ಬಿಟ್ಟವರಲ್ಲಿ ಒಬ್ಬರು ನಮ್ಮೂರಿಗೇ ಬಂದರು, ನಿಮಗೆ ಗೊತ್ತಿರಬೇಕು. ಬರ್ಲಿನ್‌ನ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್. ಯಹೂದಿ ಮೂಲದವರೆಂದು 1933ರಲ್ಲಿ ಕೆಲಸ ಹೋಯಿತು. ಈಜಿಪ್ಟಿಗೆ ಹೋಗಿ, ಅಲ್ಲಿಂದ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ, ಟಾಟಾ ಇನ್‌ಸ್ಟಿಟ್ಯೂಟಿನ ಕೆಲವು ಕಟ್ಟಡಗಳು ಅವರವು. ಆ ಪಾರ್ಕಿನಲ್ಲಿ ನಾನು ಎಷ್ಟೋ ವರ್ಷ ಕಡಲೆಕಾಯಿ ತಿಂದಿದ್ದೇನೆ, ಕಟ್ಟಿದವರು ಯಾರು ಅಂತ ಕೇಳಿರಲಿಲ್ಲ. ಕಲೋನ್‌ನ ಆ ಮುದುಕಿಯನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ.

ಈಗ ಕಾಲಿನ ವಿಚಾರ. ಮೊದಲ ಸಲ ಬರ್ಲಿನ್ ಫುಟ್‌ಪಾತಿನಲ್ಲಿ ಹಿತ್ತಾಳೆ ಹೊಳೆದದ್ದು ಕಂಡು, ಅದು ಹೆಸರು ಅಂತ ಗೊತ್ತಾದ ಕೂಡಲೇ ನಾನು ಹಾರಿ ಪಕ್ಕಕ್ಕೆ ಸರಿದೆ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು. ಸತ್ತವರ ಹೆಸರಿನ ಮೇಲೆ ಚಪ್ಪಲಿ ಕಾಲೇ? ಮ್ಯೂನಿಕ್ ನಗರ ಇದೇ ಕಾರಣಕ್ಕೆ ಸಾರ್ವಜನಿಕ ಜಾಗದಲ್ಲಿ ಈ ಕಲ್ಲು ಬೇಡ ಅಂತ 2004ರಲ್ಲಿ ತೀರ್ಮಾನಿಸಿತು, 2015ರಲ್ಲಿ ಅದನ್ನೇ ಗಟ್ಟಿ ಮಾಡಿತು. ಅಲ್ಲಿನ ಯಹೂದಿ ಸಮುದಾಯದ ಮುಖ್ಯಸ್ಥೆ ಶಾರ್ಲೊಟೆ ಕ್ನೊಬ್ಲೊಖ್, ಬಾಲ್ಯದಲ್ಲಿ ಹಳ್ಳಿಯೊಂದರಲ್ಲಿ ಅಡಗಿ ಬದುಕಿದವರು, ಈ ಜನರನ್ನು ಇನ್ನೊಮ್ಮೆ ತುಳಿಯುವುದು ಬೇಡ ಎನ್ನುವ ಪಟ್ಟು ಬಿಡಲಿಲ್ಲ. ಅಲ್ಲಿ 2018ರಿಂದ ಗೋಡೆಯ ಫಲಕ, ಕಂಬದ ಫಲಕ ಹಾಕುತ್ತಿದ್ದಾರೆ, ಕಣ್ಣಿನ ಮಟ್ಟಕ್ಕೆ. ಸತ್ತವರ ಬಂಧುಗಳಲ್ಲೇ ಕೆಲವರು, ನಮಗೆ ನೆಲದ ಕಲ್ಲೇ ಬೇಕು ಅಂತ ಕೋರ್ಟಿಗೆ ಹೋದರು, ಗೆಲ್ಲಲಿಲ್ಲ. ಹಾಗಾಗಿ ಇದು ಯಹೂದಿಗಳು ಒಂದು ಕಡೆ, ಉಳಿದವರು ಒಂದು ಕಡೆ ನಿಂತು ಆಡಿದ ಜಗಳವಲ್ಲ.

ನಮ್ಮ ದೇವಸ್ಥಾನಗಳ ನೆಲಗಲ್ಲಿನಲ್ಲಿ ಸಾಷ್ಟಾಂಗ ಬಿದ್ದ ಭಕ್ತರ ಆಕೃತಿ, ಹೆಸರು ಕೆತ್ತಿರುತ್ತದೆ. ಬಂದುಹೋಗುವವರ ಪಾದ ತಮ್ಮ ಮೇಲೆ ಬೀಳಲಿ ಅಂತ ಅವರೇ ಕೆತ್ತಿಸಿಕೊಂಡದ್ದು. ಇದನ್ನು ನೆನೆದು ನಾನು ಸ್ವಲ್ಪ ಕಾಲ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಆ ಭಕ್ತರು ಕೇಳಿಕೊಂಡರು, ಇವರನ್ನು ಯಾರೂ ಕೇಳಲಿಲ್ಲ. ಕ್ನೊಬ್ಲೊಖ್ ಮಾತನ್ನು ತಳ್ಳಿಹಾಕಲು ಇವತ್ತಿಗೂ ನನಗೆ ಆಗಿಲ್ಲ. ಹಾಗಿದ್ದೂ ನನ್ನ ಒಲವು ಕಲ್ಲಿನ ಕಡೆಗೇ. ಒಂದು ಸಂಜೆ ನೋಡಿದ್ದಕ್ಕೆ. ನಡುವಯಸ್ಸಿನ ಹೆಂಗಸೊಬ್ಬರು ಫುಟ್‌ಪಾತಿನಲ್ಲಿ ಮಂಡಿಯೂರಿ, ಪಾಲಿಶ್ ಹಚ್ಚಿದ ಸ್ಪಂಜಿನಿಂದ ನಾಲ್ಕು ಕಲ್ಲು ತಿಕ್ಕುತ್ತಿದ್ದರು. ನವೆಂಬರ್ 9ರ ಆಸುಪಾಸು. 1938ರಲ್ಲಿ ಸಿನಗಾಗ್‌ಗಳಿಗೆ ಬೆಂಕಿ ಇಟ್ಟ ರಾತ್ರಿಯ ನೆನಪಿಗೆ ಊರೂರಲ್ಲಿ ಹೀಗೆ ತಿಕ್ಕುತ್ತಾರೆ. ಹಿತ್ತಾಳೆ ಗಾಳಿಗೆ ಕಂದುತ್ತದೆ, ಬಿಟ್ಟರೆ ಅಕ್ಷರ ಮುಚ್ಚಿಹೋಗುತ್ತದೆ. ಕಂದುಬಣ್ಣ ಬಿಟ್ಟು ಹಳದಿ ಏಳುವ ಆ ಗಳಿಗೆ ನನಗೆ ಗೊತ್ತು, ತಂಬಿಗೆಯಿಂದ. ಆಕೆಗೂ ಆ ಮನೆಯವರಿಗೂ ಸಂಬಂಧ ಇರಲಿಲ್ಲ. ಅದೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದರು, ಅಷ್ಟೇ.

ಬರ್ಲಿನ್‌ನ ದೊಡ್ಡ ಸ್ಮಾರಕದ ಬಗ್ಗೆ ಯಾಕೆ ಹೇಳಲಿಲ್ಲ ಅಂತ ನಿಮ್ಮಲ್ಲಿ ಕೆಲವರು ಗೊಣಗುತ್ತಿದ್ದೀರಿ. ಪೀಟರ್ ಐಸೆನ್‌ಮನ್ ವಿನ್ಯಾಸದ 2,711 ಕಾಂಕ್ರೀಟ್ ದಿಂಡುಗಳು, 2005ರಲ್ಲಿ ತೆರೆದದ್ದು. ದೊಡ್ಡ ಕೆಲಸ, ಒಳಗೆ ನಡೆದರೆ ದಿಕ್ಕು ತಪ್ಪುತ್ತದೆ. ದಿಂಡುಗಳ ಮೇಲೆ ಒಂದೂ ಹೆಸರಿಲ್ಲ. ಹೆಸರು ಕೇಳಬೇಕಾದರೆ ನೆಲದಡಿಯ ಕೋಣೆಗೆ ಇಳಿಯಬೇಕು. ಬೋರ್ಡ್ ಬರೆಯುವವನಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ನನ್ನ ಮಿತಿ ಅಂತಲೇ ಇಟ್ಟುಕೊಳ್ಳಿ.

ಪ್ರಶ್ನೆಗಳಲ್ಲಿ ಎರಡು. ಒಬ್ಬ ಹುಡುಗ ಕೇಳಿದ: “ಸರ್, ಎಡವುಗಲ್ಲಲ್ಲಿ ತಪ್ಪಾದರೆ?” ಬ್ರಷ್ ಆದರೆ ಒರೆಸಬಹುದು. ಹಿತ್ತಾಳೆಗೆ ಬಿದ್ದ ಏಟು ಬಿದ್ದದ್ದೇ. ಹೊಸ ತಗಡು ತೆಗೆದುಕೊಳ್ಳಬೇಕು. ಕಡತಗಳಲ್ಲಿ ಮುಂದೆಂದೋ ಬೇರೆ ವಿವರ ಸಿಕ್ಕರೆ, ಹಳೆಯದನ್ನು ಕಿತ್ತು ಹೊಸ ಕಲ್ಲು ಕೂರಿಸಿದ್ದೂ ಉಂಟು.

ಎರಡನೆಯದು ಹಿಂದಿನ ಬೆಂಚಿನ ಹುಡುಗಿಯದು: “ಇವೆಲ್ಲ ಹೆಚ್ಚುಕಮ್ಮಿ ಸತ್ತ ಮೇಲೆ ಬರೆದ ಹೆಸರು. ಅಲ್ಲಿದ್ದ ಕಲಾವಿದರು ಯಾರಾದರೂ, ತಮ್ಮವರು ಬದುಕಿದ್ದಾಗಲೇ ಅವರ ಹೆಸರಿಟ್ಟು ಏನಾದರೂ ಮಾಡಿದರಾ?”

ಮಾಡಿದರು. ತೆರೆಜಿನ್‌ನಲ್ಲಿ ನಕ್ಷೆ ಬಿಡಿಸುವ ಕಚೇರಿ ಇತ್ತು. ಬೆಡ್ರಿಖ್ ಫ್ರಿಟ್ಟಾ ಅದರ ಮುಖ್ಯಸ್ಥ. ಲಿಯೋ ಹಾಸ್, ಒಟ್ಟೊ ಉಂಗರ್ ಅಲ್ಲಿದ್ದವರು. ಹಗಲು ನಾಜಿಗಳ ಎಸ್.ಎಸ್. ಪಡೆಯವರಿಗೆ ಬೇಕಾದ ನಕ್ಷೆ, ರಾತ್ರಿ ಘೆಟ್ಟೋದ ನಿಜ ಚಿತ್ರ. ಶವ ಸಾಗಿಸುವ ಗಾಡಿಯಲ್ಲೇ ಬ್ರೆಡ್ ಸಾಗಿಸುತ್ತಿದ್ದುದು ನಮಗೆ ಕಣ್ಣಿಗೆ ಕಟ್ಟುವುದು ಅಂಥ ಚಿತ್ರಗಳಿಂದ. 1944ರ ಜುಲೈನಲ್ಲಿ ಸಿಕ್ಕಿಬಿದ್ದರು. ಉಂಗರ್ ಅವರ ಬಲಗೈಯನ್ನು ಮತ್ತೆ ಚಿತ್ರ ಬಿಡಿಸದ ಹಾಗೆ ಮಾಡಿದರು. ಫ್ರಿಟ್ಟಾ ಅದೇ ವರ್ಷ ಆಶ್ವಿಟ್ಜ್‌ನಲ್ಲಿ ತೀರಿಕೊಂಡರು, ಹೆಂಡತಿ ತೀರಿಕೊಂಡದ್ದು ತೆರೆಜಿನ್‌ನ ಸೆರೆಮನೆಯಲ್ಲಿ. ಹಾಸ್ ಬದುಕಿ ವಾಪಸ್ ಬಂದು, ಅಡಗಿಸಿದ್ದ ಚಿತ್ರಗಳನ್ನು ಹೊರಗೆ ತೆಗೆದರು.

ಫ್ರಿಟ್ಟಾಗೆ ಟೊಮಾಶ್ ಅಂತ ಮಗ. ಘೆಟ್ಟೋದಲ್ಲೇ ಅವನಿಗೆ ಮೂರು ತುಂಬಿತು, 1944ರ ಜನವರಿ 22ಕ್ಕೆ. ಅಪ್ಪ ಹುಟ್ಟುಹಬ್ಬಕ್ಕೆ ಬಣ್ಣದ ಚಿತ್ರಗಳ ಪುಸ್ತಕ ಮಾಡಿದ. ಟೊಮಿ ಉಣ್ಣುವುದು, ಟೊಮಿ ಸೂಟ್‌ಕೇಸ್ ಮೇಲೆ ಹತ್ತಿ ನಿಂತು ಕಿಟಕಿಯಾಚೆ ನೋಡುವುದು, ದೊಡ್ಡವನಾದರೆ ಏನಾಗುತ್ತಾನೆ ಅಂತ ಬೇರೆ ಬೇರೆ ವೇಷದಲ್ಲಿ ಟೊಮಿ. ಇದು ನಿನಗಾಗಿ ಬರೆಯಲಿರುವ ಅನೇಕ ಪುಸ್ತಕಗಳಲ್ಲಿ ಮೊದಲನೆಯದು ಅಂತ ಅದರಲ್ಲೇ ಬರೆದಿದ್ದಾನೆ. ಟೊಮಿ ಬದುಕಿದ. ಹಾಸ್ ಮತ್ತು ಅವರ ಹೆಂಡತಿ ಅವನನ್ನು ದತ್ತು ತೆಗೆದುಕೊಂಡು ಸಾಕಿದರು. ಆಮೇಲೆ ಅವನು ಎರಡೂ ಹೆಸರನ್ನು ಜೋಡಿಸಿ ಫ್ರಿಟ್ಟಾ-ಹಾಸ್ ಅಂತ ಬರೆದುಕೊಳ್ಳುತ್ತಿದ್ದ.